ಮರಳು ಹೊಳೆ ನಿಲ್ಲುವ ಮುನ್ನ

ನೀರಿಲ್ಲದೆ ಬರೀ ಮರಳೇ ಹರಿಯುವ ಹೊಳೆಯ ದಂಡೆಯಲ್ಲಿ ಅತ್ತೆಯ ಜೊತೆ ಕೂತು ಹಾಲವ್ವ ಪಾತ್ರೆ ತಿಕ್ಕುತ್ತಿದ್ದಳು. ಮೊದಲೆಲ್ಲ ಅಂಗೈಗೆ ಚುಚ್ಚುತ್ತಿದ್ದ ಮರಳು ಈಗ ಹಿಟ್ಟಿನಂತೆ ಬೆರಳಿಗೆ ಅಂಟುತ್ತಿತ್ತು. ಹರಿಯುತ್ತ ಹರಿಯುತ್ತ ಹರಳುಗಳು ಒಡೆದು, ಆ ಪುಡಿ ಸಂದಿಸಂದಿಗೆ ಕೂತು, ಹೊಳೆ ತಡೆತಡೆದು ಸಾಗುತ್ತಿತ್ತು.

"ಅತ್ತೀ, ನಾಳೆ ಹೊಳಿ ನಿಲ್ಲತೈತಿ ನೋಡ್ರಿ."

"ನಿಂತರ ನಿನಗೇನ? ನಿನ್ನನ್ನ ದೋಣಿ ಹತ್ತಿಸಬ್ಯಾಡ ಅಂತ ನನ್ನ ಮಗ ಅಂಬಿಗಗ ಹೇಳ್ಯಾನಲ್ಲ!" ಅತ್ತೆ ನಕ್ಕಳು.

ತವರಿನವರೊಂದಿಗೆ ಗಂಡ ಜಗಳವಾಡಿದಂದಿನಿಂದ ಹಾಲವ್ವ ಹೊಳೆ ದಾಟಿರಲಿಲ್ಲ. ಆಚೆ ದಂಡೆಯಲ್ಲಿ ತಂಗಿ ಹೆತ್ತ ಕೂಸಿನ ಮುಖವನ್ನೂ ನೋಡಿರಲಿಲ್ಲ. ಹೋದ ಸಲ ಹೊಳೆ ನಿಂತಾಗ ಮೇಕೆಗಳು ಅದರ ಮೇಲೆಯೇ ನಡೆದು ಹೋಗಿದ್ದವು. ನಾಳೆ ತಾನೂ ಹಾಗೆಯೇ ಹೋಗುವುದೆಂದು ಹಾಲವ್ವ ನಿಶ್ಚಯಿಸಿದಳು.

"ಹೌದ್ರಿ, ನನಗೇನೈತಿ," ಎಂದು ತಂಬಿಗೆ ಬೋರಲು ಹಾಕಿದಳು.