ಹೂಂ ಎಂದವಳು

ಮೂರನೇ ಚಮಚ ಸೂಪು ಬಾಯಿಗಿಟ್ಟ ತಮ್ಮನ ಕೈ ಅಲ್ಲೇ ನಿಂತಿತು. ನಾಲಿಗೆಯಿಂದ ಅಂಗುಳನ್ನು ಒಮ್ಮೆ ಸವರಿಕೊಂಡ. ಚಮಚವನ್ನು ಸದ್ದಾಗದಂತೆ ಕೆಳಗಿಟ್ಟು, "ಅಕ್ಕ, ಇದರಲ್ಲಿ ಗೋಡಂಬಿ ಇದೆ" ಎಂದ. ಉಪ್ಪು ಕಡಿಮೆಯಾಗಿದೆ ಎನ್ನುವಷ್ಟೇ ಸಮಾಧಾನದ ದನಿ.

ಅಕ್ಕ ಬಟ್ಟಲನ್ನು ಅವನ ಮುಂದಿನಿಂದ ಎಳೆದುಕೊಂಡಳು. ಏಳನೇ ವಯಸ್ಸಿನಲ್ಲಿ ಒಂದು ಚೂರು ಗೋಡಂಬಿ ತಿಂದು ಹೋಗಿ ಬಂದಿದ್ದ ಜೀವ ಅದು. ಅಂದಿನಿಂದ ನಲವತ್ತು ವರ್ಷ ಅವನ ತಟ್ಟೆಯನ್ನು ಮೊದಲು ಮೂಸಿ ನೋಡುತ್ತಿದ್ದವಳು ಅವಳೇ. ಇವತ್ತೂ ಮರೆತಿರಲಿಲ್ಲ. ಇವನಿಗೆ ಗೋಡಂಬಿ ವಿಷವಿದ್ದಂತೆ, ಈ ಸೂಪಿನಲ್ಲಿ ಅದು ಇಲ್ಲ ತಾನೇ ಎಂದು ಮೊಬೈಲಿನಲ್ಲಿ ಬರೆದು, ತಾವು ಬಂದಿದ್ದ ಆ ದೇಶದ ಭಾಷೆಗೆ ತಿರುಗಿಸಿ, ಹೋಟೆಲಿನಲ್ಲಿ ಬಡಿಸುವ ಹೆಂಗಸಿನ ಮುಂದೆ ಹಿಡಿದಿದ್ದಳು. ನಲವತ್ತರ ಆಸುಪಾಸಿನ ಆ ಹೆಂಗಸು ಪರದೆಯನ್ನು ಗಮನವಿಟ್ಟು ನೋಡಿ, ನಕ್ಕು, ಹೂಂ ಎಂಬಂತೆ ತಲೆಯಾಡಿಸಿದ್ದಳು. ಎರಡನೇ ಸಲ ತೋರಿಸಿದಾಗ ಇನ್ನೂ ಚೆಂದವಾಗಿ ನಕ್ಕು ಸೊಂಟದವರೆಗೆ ಬಾಗಿದ್ದಳು. ಮೂರನೇ ಸಲಕ್ಕೆ ತಮ್ಮನೇ ತಡೆದಿದ್ದ. "ಸಾಕು ಬಿಡಕ್ಕ. ಎಷ್ಟು ಸಲ ಕೇಳ್ತೀಯ, ಪಾಪ? ತನ್ನ ಮಾತಿನ ಮೇಲೆ ನಂಬಿಕೆ ಇಲ್ಲ ಅಂದ್ಕೋತಾಳೆ." ಪರದೇಶಕ್ಕೆ ಬಂದು ಮರ್ಯಾದೆ ಗೊತ್ತಿಲ್ಲದವರು ಅನ್ನಿಸಿಕೊಳ್ಳುವುದು ಬೇಡವೆಂದು ಅಕ್ಕನೂ ಸುಮ್ಮನಾಗಿದ್ದಳು.

ಈಗ ನೋಡನೋಡುತ್ತಿದ್ದಂತೆ ತಮ್ಮನ ತುಟಿ ಊದಿತು. ಉಸಿರು ಸಿಳ್ಳೆ ಹೊಡೆಯತೊಡಗಿತು. ಎದೆ ಹಿಡಿದುಕೊಂಡು ಮೇಜಿನ ಮೇಲೆ ಬಾಗಿದ. ಗಲ್ಲಾದಲ್ಲಿದ್ದ ಮಾಲೀಕ ಯಾರಿಗೋ ಫೋನು ಮಾಡಿದ, ಆಂಬುಲೆನ್ಸ್ ಬಂತು. ಗಡಿಬಿಡಿಯಲ್ಲಿ ಅಕ್ಕನ ಮೊಬೈಲು ಮೇಜಿನ ಮೇಲೇ ಉಳಿಯಿತು. ತಮ್ಮನ ಕೋಟನ್ನು ಎದೆಗವಚಿಕೊಂಡು ಆ ಹೆಂಗಸೂ ಗಾಡಿ ಹತ್ತಿದಳು. ಭಾಷೆ ಬಲ್ಲವರು ಒಬ್ಬರಾದರೂ ಜೊತೆಗಿದ್ದಾರಲ್ಲ ಎಂದು ಅಕ್ಕನಿಗೆ ಅಷ್ಟರಲ್ಲೇ ಒಂದು ಧೈರ್ಯ.

ಆಂಬುಲೆನ್ಸಿನವನಿಗೆ ಅಕ್ಕನ ಹರಕುಮುರುಕು ಇಂಗ್ಲಿಷ್ ತಿಳಿಯಲಿಲ್ಲ. ಅವನು ಆ ಹೆಂಗಸಿನ ಕಡೆ ತಿರುಗಿ, ತನ್ನ ಎದೆ ಮುಟ್ಟಿಕೊಂಡು ಏನೋ ಕೇಳಿದ. ಅವಳು ತಲೆಯಾಡಿಸಿದಳು. ಎಡಗೈ ತೋರಿಸಿ ಕೇಳಿದ. ಅದಕ್ಕೂ ತಲೆಯಾಡಿಸಿದಳು. ಅವನು ಡಬ್ಬಿಯಿಂದ ಒಂದು ಸಣ್ಣ ಮಾತ್ರೆ ತೆಗೆದಿಟ್ಟುಕೊಂಡ. ಆಮೇಲೆ ಹಾಳೆಯ ಮೊದಲ ಸಾಲಿನ ಮೇಲೆ ಪೆನ್ನಿಟ್ಟು ಇನ್ನೇನೋ ಕೇಳಿ ಕಾದ. ಹೆಸರು ಕೇಳುತ್ತಿದ್ದಾನೆ ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ಅವಳು ನಕ್ಕು ತಲೆಯಾಡಿಸಿದಳು. ಅವನು ದನಿಯೇರಿಸಿ ಮತ್ತೆ ಕೇಳಿದ. ಅವಳ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಮತ್ತೆ ಅದೇ ನಗು, ಅದೇ ಹೂಂ.

ಅಕ್ಕ ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವಳು. ಆ ಹೆಂಗಸಿನ ಸಮವಸ್ತ್ರ ಬೇರೆ ಯಾರದೋ ಅಳತೆಯದು, ತೋಳನ್ನು ಮಡಚಿ ಪಿನ್ನು ಹಾಕಿದೆ ಎಂಬುದು ಆಗ ಕಣ್ಣಿಗೆ ಬಿತ್ತು. ಹೊಸಬಳು. ಈ ಕೆಲಸಕ್ಕಷ್ಟೇ ಅಲ್ಲ, ಈ ಭಾಷೆಗೂ ಹೊಸಬಳು. ಅಷ್ಟರಲ್ಲಿ ಆಂಬುಲೆನ್ಸಿನವನು ಮಾತ್ರೆಯನ್ನು ತಮ್ಮನ ನಾಲಿಗೆಯಡಿಗೆ ತಂದಿದ್ದ. ಅಕ್ಕ ಅವನ ಕೈಯನ್ನು ಹೊಡೆದು ಆಚೆ ತಳ್ಳಿದಳು. ತಾನೇ ಹೊಲಿದುಕೊಟ್ಟಿದ್ದ ಅಂಗಿಯ ಗುಂಡಿಗಳನ್ನು ಒಂದೇ ಎಳೆತಕ್ಕೆ ಕಿತ್ತಳು. ಹೊಟ್ಟೆ, ಎದೆ, ಕಂಕುಳು ಎಲ್ಲ ಕೆಂಪು ದದ್ದು. ಬಾಯಿಗೆ ಉಣ್ಣುವಂತೆ ಕೈ ಮಾಡಿ ತೋರಿಸಿ, ಗಂಟಲು ಹಿಸುಕಿಕೊಂಡು ತೋರಿಸಿದಳು. ಅವನ ಮುಖ ಬಿಳಿಚಿತು. ಮಾತ್ರೆ ಎಸೆದು, ತಮ್ಮನ ತೊಡೆಗೆ ಸೂಜಿ ಚುಚ್ಚಿದ.

ಆಸ್ಪತ್ರೆಯಲ್ಲಿ ಒಂದು ಗಂಟೆಯ ಮೇಲೆ ಡಾಕ್ಟರು ಹೊರಬಂದರು. ಅವರ ಇಂಗ್ಲಿಷೂ ಅಕ್ಕನದರಷ್ಟೇ ಹರಕು. ತಮ್ಮ ಉಸಿರಾಡುತ್ತಿದ್ದಾನೆ, ನಾಳೆ ಕರೆದುಕೊಂಡು ಹೋಗಬಹುದು ಎಂದರು. ಅದು ಹೃದಯದ ಮಾತ್ರೆಯಾಗಿತ್ತು, ರಕ್ತದೊತ್ತಡ ಮೊದಲೇ ಕುಸಿದಿತ್ತು, ನಾಲಿಗೆಯಡಿ ಕರಗಿದ್ದರೆ ಇಲ್ಲಿಯತನಕ ಬರುತ್ತಿರಲಿಲ್ಲವೇನೋ ಎಂದೂ ಹೇಳಿದರು. ಅಕ್ಕ ಹಿಂದೆ ತಿರುಗಿದಳು. ಬೆಂಚಿನ ಮೇಲೆ ಕೋಟು ಹಿಡಿದು ಕೂತಿದ್ದ ಹೆಂಗಸು ಕಣ್ಣಿಗೆ ಬಿದ್ದದ್ದೇ ತಡ, ಮೈಯೆಲ್ಲ ಉರಿದುಹೋಯಿತು. "ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನೋಕೆ ನಿನಗೇನಾಗಿತ್ತು? ಒಂದಲ್ಲ ಎರಡು ಸಲ ಕೊಲ್ತಿದ್ದೆಯಲ್ಲೇ ನನ್ನ ತಮ್ಮನ್ನ" ಎಂದು ಕನ್ನಡದಲ್ಲೇ ಬೈಯತೊಡಗಿದಳು. ಆ ಹೆಂಗಸು ಎದ್ದು ನಿಂತು, ಒದ್ದೆ ಕಣ್ಣಲ್ಲೇ ನಗುತ್ತ, ಪ್ರತಿ ಬೈಗುಳಕ್ಕೂ ತಲೆಯಾಡಿಸಿ ಬಾಗುತ್ತಿದ್ದಳು.

ಅಲ್ಲೇ ನೆಲ ಒರೆಸುತ್ತಿದ್ದ ಮುದುಕಿಯೊಬ್ಬಳು ಆ ಹೆಂಗಸಿನ ಮುಖವನ್ನೇ ದಿಟ್ಟಿಸಿ ನೋಡಿ, ಬೇರೆಯೇ ಒಂದು ಭಾಷೆಯಲ್ಲಿ ಏನೋ ಕೇಳಿದಳು. ಆ ಹೆಂಗಸು ಮುದುಕಿಯ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಮಾತಾಡಿದಳು. ಮುದುಕಿ ಡಾಕ್ಟರಿಗೆ ಹೇಳಿದಳು, ಡಾಕ್ಟರು ಅಕ್ಕನಿಗೆ ಹೇಳಿದರು. ದೂರದ ದೇಶದವಳಂತೆ. ಬಂದು ಹತ್ತೊಂಬತ್ತು ದಿನವಂತೆ. ಇಲ್ಲಿನ ಅಕ್ಷರ ಓದಲು ಬಾರದಂತೆ. ಗಿರಾಕಿ ಏನೇ ಕೇಳಿದರೂ ನಗಬೇಕು, ಹೂಂ ಅನ್ನಬೇಕು, ಬಾಗಬೇಕು, ಮಿಕ್ಕದ್ದು ಆಮೇಲೆ ಎಂದು ಮಾಲೀಕ ಕಲಿಸಿದ್ದನಂತೆ. ಗಾಡಿ ಎಲ್ಲಿಗೆ ಹೋಗುತ್ತದೆಂದೂ ತಿಳಿಯದೆ ಹತ್ತಿದ್ದಳಂತೆ.

ಅವಳು ಕಣ್ಣೊರೆಸಿಕೊಂಡು ಮತ್ತೇನೋ ಕೇಳಿದಳು. ಮುದುಕಿ ಅದನ್ನು ದಾಟಿಸಿದಾಗ ಡಾಕ್ಟರು ಅಕ್ಕನ ಕಡೆ ತಿರುಗಿದರು. "'ನನಗೆ ಅರ್ಥವಾಗಲಿಲ್ಲ' ಅನ್ನೋದಕ್ಕೆ ಈ ದೇಶದಲ್ಲಿ ಏನನ್ನಬೇಕು ಅಂತ ಕೇಳ್ತಿದ್ದಾರೆ."

ಊರಿನಿಂದ ಹೊರಡುವ ಮುಂಚೆ ಅಕ್ಕ ಈ ದೇಶದ ಹತ್ತು ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ನಮಸ್ಕಾರ, ದಯವಿಟ್ಟು, ಊಟ ಬಹಳ ಚೆನ್ನಾಗಿತ್ತು, ನಿಮ್ಮಿಂದ ಉಪಕಾರವಾಯಿತು. ಮನಸ್ಸಿನಲ್ಲೇ ಎಲ್ಲವನ್ನೂ ಒಂದೊಂದಾಗಿ ತಿರುವಿ ಹಾಕಿದಳು. ಆ ಮಾತು ಅವಳ ಹತ್ತಿರವೂ ಇರಲಿಲ್ಲ.