ಎದೆಪಟ್ಟಿ

ಕೈಗಡಿಯಾರದಲ್ಲಿ ಇನ್ನೂರ ಹನ್ನೊಂದು ಕಂಡಾಗ ಆದಿನಾರಾಯಣಪ್ಪ, ಓಡುತ್ತಿದ್ದ ಪವರ್‌ಲೂಮಿನ ಪಕ್ಕದಲ್ಲೇ ಕುಸಿದು ಕೂತ. ನಿಮಿಷಕ್ಕೆ ಅಷ್ಟು ಸಲ ಎದೆ ಬಡಿದುಕೊಂಡ ಮನುಷ್ಯ ಉಳಿಯುವುದಿಲ್ಲವೆಂದು ಅವನಿಗೆ ಖಾತ್ರಿಯಿತ್ತು. ಎರಡು ನಿಮಿಷ ಕಾದ. ಸಾಯಲಿಲ್ಲ, ಬದಲಿಗೆ ಹಸಿವಾಯಿತು.

ಎದೆಗೆ ಕಟ್ಟುವ ರಬ್ಬರು ಪಟ್ಟಿಯನ್ನೂ ಬಡಿತದ ಲೆಕ್ಕ ತೋರಿಸುವ ಆ ಗಡಿಯಾರವನ್ನೂ ಸಿಂಗಪುರದಿಂದ ತಂದುಕೊಟ್ಟವನು ಹೆಂಡತಿಯ ತಮ್ಮ ಚೌಡೇಶ. ತೊಂಬತ್ತೈದರ ದೊಡ್ಡಬಳ್ಳಾಪುರದಲ್ಲಿ ಅಂಥದ್ದನ್ನು ಕಂಡವರೇ ಇರಲಿಲ್ಲ. ಹೋದ ತಿಂಗಳು ಆದಿನಾರಾಯಣಪ್ಪನಿಗೆ ಎದೆ ಹಿಡಿದಂತಾಗಿತ್ತು. "ಇದು ತೋರ್ಸೋ ಲೆಕ್ಕ ಒಂದು ವಾರ ಬರ್ಕೊಂಡು ಬನ್ನಿ, ಬೆಂಗಳೂರಿಗೆ ಕಳಿಸ್ಬೇಕೋ ಬೇಡ್ವೋ ಆಮೇಲೆ ಹೇಳ್ತೀನಿ" ಎಂದಿದ್ದರು ಡಾಕ್ಟರು. ನಾಳೆಯೇ ತೋರಿಸಬೇಕು. ಅವನ ನೋಟುಬುಕ್ಕಿನಲ್ಲಿದ್ದದ್ದು ಮೂವತ್ತೆಂಟು, ನೂರ ಅರವತ್ತನಾಲ್ಕು, ಸೊನ್ನೆ. ಸೊನ್ನೆ ಬಂದ ದಿನ ಅವನು ಎರಡು ಸಲ ಬಡಿಸಿಕೊಂಡು ಉಂಡಿದ್ದ.

ಮಧ್ಯಾಹ್ನ ಚೌಡೇಶ ಬಂದವನೇ ತಲೆ ಚಚ್ಚಿಕೊಂಡ. "ಭಾವ, ಬನಿಯನ್ ಮೇಲೆ ಕಟ್ಟಿದ್ದೀರಲ್ಲ. ಮೈಗೆ ತಾಗ್ಬೇಕು, ಪಟ್ಟಿ ಒದ್ದೆ ಇರ್ಬೇಕು. ಉಗುಳು ಹಚ್ಕೊಂಡ್ರೂ ಆಗ್ತದೆ."

"ಜನಿವಾರದ ಮೈಗೆ ಎಂಜಲಾ?" ಎಂದಳು, ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಹೆಂಡತಿ ಮುನಿರತ್ನಮ್ಮ.

"ಹಂಗಾದ್ರೆ ನೀರು ಹಚ್ಲಿ ಬಿಡಕ್ಕ. ಇನ್ನೊಂದು ವಿಷ್ಯ ಭಾವ, ಮಗ್ಗದ ಮೋಟಾರ್ ಪಕ್ಕ ನಿಂತ್ರೆ ಇದು ಅದನ್ನೂ ಸೇರಿಸ್ಕೊಂಡು ಎಣಿಸ್ಬಿಡ್ತದೆ."

ಅಂದರೆ ವಾರವಿಡೀ ತಾನು ಭಯಭಕ್ತಿಯಿಂದ ಬರೆದಿಟ್ಟದ್ದು ಮೋಟಾರಿನ ಆರೋಗ್ಯ. ಅದನ್ನು ನಂಬಿ ಉಪ್ಪು ಬಿಟ್ಟಿದ್ದ, ಹೆಂಡತಿಯಿಂದ ಕಾಲು ಒತ್ತಿಸಿಕೊಂಡಿದ್ದ, ಬೀದಿಯವರನ್ನೆಲ್ಲ ಕರೆದು ನೋಟುಬುಕ್ಕು ತೋರಿಸಿ ಅಯ್ಯೋ ಅನ್ನಿಸಿಕೊಂಡಿದ್ದ. ತನ್ನ ದಡ್ಡತನಕ್ಕೆ ತನಗೇ ನಗು ಬಂತು.

ಮೂರು ಗಂಟೆಗೆ ದಿನದಂತೆ ಕರೆಂಟು ಹೋಗಿ ಮಗ್ಗಗಳು ನಿಂತವು. ಆದಿನಾರಾಯಣಪ್ಪ ಬನಿಯನ್ ಕಳಚಿ, ಪಟ್ಟಿ ನೆನೆಸಿ, ಬಿಗಿಯಾಗಿ ಕಟ್ಟಿ ಕೂತ. ಎಪ್ಪತ್ತೆರಡು. ಐದು ನಿಮಿಷ ಬಿಟ್ಟು ನೋಡಿದರೂ ಎಪ್ಪತ್ತಮೂರು. ಇಷ್ಟು ಒಳ್ಳೆಯ ಸುದ್ದಿ ನಂಬಲು ಅವನಿಗೆ ಧೈರ್ಯ ಸಾಲಲಿಲ್ಲ.

"ಯಾರಾದ್ರೂ ಗಟ್ಟಿ ಜೀವಕ್ಕೆ ಕಟ್ಟಿ ನೋಡಾನ. ಲೇ, ನೀನು ಕಟ್ಕೊಂಡು ಬಾ. ಯಾವತ್ತೂ ಒಂದು ಮಾತ್ರೆ ನುಂಗ್ದೋಳಲ್ಲ."

ಮುನಿರತ್ನಮ್ಮ ಒಳಗೆ ಹೋಗಿ ಕಟ್ಟಿಕೊಂಡು ಬಂದು ಕೂತಳು. ನೂರ ಇಪ್ಪತ್ತಾರು.

"ನೋಡು, ಮತ್ತೆ ಹುಚ್ಚು ಹಿಡೀತು ಇದಕ್ಕೆ" ಎಂದು ಆದಿನಾರಾಯಣಪ್ಪ ನಕ್ಕ. ಚೌಡೇಶ ನಗಲಿಲ್ಲ. ಮತ್ತೆ ನೆನೆಸಿ ಕಟ್ಟಿಕೊಳ್ಳುವಂತೆ ಹೇಳಿದ. ಹತ್ತು ನಿಮಿಷ ಸುಮ್ಮನೆ ಕೂತರೂ ಲೆಕ್ಕ ನೂರ ಇಪ್ಪತ್ತಕ್ಕಿಂತ ಇಳಿಯಲಿಲ್ಲ. ಕೊನೆಗೆ ಅಕ್ಕನ ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡುತ್ತ ಒಂದು ನಿಮಿಷ ಪೂರ್ತಿ ಎಣಿಸಿದ.

"ಪಟ್ಟಿ ಸರಿಯಾಗೇ ಇದೆ ಭಾವ."

ಆದಿನಾರಾಯಣಪ್ಪ ಹೆಂಡತಿಯ ಕಡೆ ತಿರುಗಿದ. "ಯಾವಾಗಿಂದ ಹಿಂಗೆ?" ಎಂದು ಕೇಳಿದ.

"ಯುಗಾದಿಯಿಂದ" ಎಂದಳು ಮುನಿರತ್ನಮ್ಮ. "ಹೇಳಾನ ಅಂತ ಬಂದ ದಿನಾನೇ ನೀವು ಎದೆ ಹಿಡ್ಕೊಂಡು ಕೂತ್ರಿ."