ಎರಡನೇ ತಂಬಿಗೆ
ಇದನ್ನು ಹೇಳುವಷ್ಟು ತಿಳಿವಳಿಕೆ ನನಗಿಲ್ಲ, ಕ್ಷಮಿಸಿ. ಎರಡು ತಿಂಗಳಿಂದ ಮಗುವಿಗೆ ಸ್ನಾನ ಮಾಡಿಸುವುದನ್ನು ತಪ್ಪಿಸಿಕೊಳ್ಳುತ್ತಿದ್ದ ಭದ್ರಾವತಿಯ ಕವನ, ಅಂದು ಮಗುವನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ನೀರೆರೆಯಲು ಕೂತಳು. ತಂಬಿಗೆ ಎತ್ತಿದೊಡನೆ ದಿನವೂ ಕಾಡುತ್ತಿದ್ದ ಅದೇ ಚಿತ್ರ ಕಣ್ಣಿಗೆ ಕಟ್ಟಿತು: ತನ್ನ ಕೈಯೇ ಮಗುವನ್ನು ಬಕೆಟ್ಟಿನಲ್ಲಿ ಮುಳುಗಿಸುತ್ತಿತ್ತು.

“ನಾನು ಹಂಗೆ ಮಾಡಲ್ಲ ಅಲ್ವಾ ಅತ್ತೆ?”

“ಇಲ್ಲ ಕಣೆ” ಎಂದು ಅದುವರೆಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದವರು ಅತ್ತೆ ಯಲ್ಲಮ್ಮ. ಆ ಸಮಾಧಾನವೇ ಬೇಡದ ಯೋಚನೆ ಮತ್ತೆ ಮತ್ತೆ ಬರುವ ಈ ಗೀಳು ಕಾಯಿಲೆಯನ್ನು ಸಾಕುತ್ತದೆ, ಚಿತ್ರ ಬಂದರೂ ಕೈಕೆಲಸ ನಿಲ್ಲಿಸಬಾರದು ಎಂದು ಶಿವಮೊಗ್ಗದ ಡಾಕ್ಟರು ಅತ್ತೆ-ಸೊಸೆ ಇಬ್ಬರಿಗೂ ಹೇಳಿದ್ದರು. ಯಲ್ಲಮ್ಮ ಬಾಯಿಗೆ ಬಂದ ಮಾತನ್ನು ನುಂಗಿಕೊಂಡರು.

“ಉತ್ತರ ಕೊಟ್ರೆ ಡಾಕ್ಟ್ರು ನಂಗೂ ಮಾತ್ರೆ ಬರೀತಾರೆ ಮಾರಾಯ್ತಿ. ನೀರು ಆರ್ತಾ ಇದೆ, ಹುಯ್ಯಿ.”

ಕವನ ಹುಯ್ದಳು. ಎರಡನೇ ತಂಬಿಗೆಗೆ ಯಾರನ್ನೂ ಕೇಳಲಿಲ್ಲ. ಚಿತ್ರ ಹೋಗಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.